ವರ್ಚುವಲ್ ಮಷೀನ್‌ನಲ್ಲಿ ಉಬುಂಟು: ‘ಡಿಸ್ಕ್ ಅಳಿಸು’ ಅಂದರೆ ಯಾವ ಡಿಸ್ಕ್?

ಪ್ರಶ್ನೆ: ನನ್ನ ಲ್ಯಾಪ್‌ಟಾಪ್‌ನಲ್ಲಿ ವಿಂಡೋಸ್ 11 ಇದೆ, ರ‍್ಯಾಮ್ 8 ಜಿಬಿ. ಲಿನಕ್ಸ್ ಕಲಿಯೋಣ ಅಂತ ವರ್ಚುವಲ್‌ಬಾಕ್ಸ್ (ವಿಂಡೋಸ್ ಒಳಗೇ ಇನ್ನೊಂದು ಕಂಪ್ಯೂಟರ್ ಓಡಿಸುವ ತಂತ್ರಾಂಶ) ಹಾಕಿಕೊಂಡು, ಅದರೊಳಗೆ ಉಬುಂಟು ಇನ್‌ಸ್ಟಾಲ್ ಮಾಡಲು ಶುರು ಮಾಡಿದೆ. ಮಧ್ಯದಲ್ಲಿ ‘ಡಿಸ್ಕ್ ಅಳಿಸಿ ಉಬುಂಟು ಇನ್‌ಸ್ಟಾಲ್ ಮಾಡಿ’ ಅಂತ ಬಂತು. ಹೆದರಿ ಅಲ್ಲಿಗೇ ನಿಲ್ಲಿಸಿಬಿಟ್ಟೆ. ನನ್ನ ಫೋಟೊ, ಫೈಲುಗಳೆಲ್ಲ ಹೋಗುತ್ತವೆಯೇ? ಈ ಲ್ಯಾಪ್‌ಟಾಪ್‌ಗೆ ಇದು ಭಾರ ಆಗುತ್ತದೆಯೇ?

ಉತ್ತರ: ಏನೂ ಹೋಗುವುದಿಲ್ಲ, ಧೈರ್ಯವಾಗಿ ಮುಂದುವರಿಸಿ. ಆ ಸಾಲು ಓದಿ ನಿಲ್ಲಿಸಿದ್ದು ಒಳ್ಳೆಯ ಅಭ್ಯಾಸವೇ. ಸುಮ್ನೆ ‘ನೆಕ್ಸ್ಟ್’ ಒತ್ತುತ್ತಾ ಹೋಗುವವರೇ ಜಾಸ್ತಿ.

ಉಬುಂಟು ಅಳಿಸುತ್ತೇನೆ ಅನ್ನುತ್ತಿರುವುದು ನಿಮ್ಮ ಲ್ಯಾಪ್‌ಟಾಪಿನ ಡಿಸ್ಕನ್ನಲ್ಲ. ವರ್ಚುವಲ್‌ಬಾಕ್ಸ್‌ನಲ್ಲಿ ವರ್ಚುವಲ್ ಮಷೀನ್, ಅಂದರೆ ಆ ಒಳಗಿನ ಕಂಪ್ಯೂಟರ್, ತಯಾರಿಸುವಾಗ 25 ಜಿಬಿ ಡಿಸ್ಕ್ ಅಂತ ಕೊಟ್ಟಿರುತ್ತೀರಲ್ಲ, ಅದು ವಿಂಡೋಸ್ ಕಣ್ಣಿಗೆ ಒಂದು ಫೈಲು ಅಷ್ಟೆ, ಹೆಸರಿನ ಕೊನೆಯಲ್ಲಿ ವಿಡಿಐ ಅಂತ ಇರುತ್ತದೆ. ಒಳಗಿರುವ ಉಬುಂಟುಗೆ ಆ ಫೈಲೇ ಇಡೀ ಹಾರ್ಡ್‌ಡಿಸ್ಕ್. ಅದರಾಚೆ ಏನಿದೆ ಅಂತ ಅದಕ್ಕೆ ಗೊತ್ತೇ ಇಲ್ಲ. ನಂಬಿಕೆ ಬರದಿದ್ದರೆ ಇನ್‌ಸ್ಟಾಲರ್‌ನಲ್ಲಿ ಡಿಸ್ಕಿನ ಹೆಸರು ನೋಡಿ. ‘ವಿಬಾಕ್ಸ್ ಹಾರ್ಡ್‌ಡಿಸ್ಕ್’ ಅಂತ ಇದ್ದು, ಪಕ್ಕದಲ್ಲಿ ನೀವು ಕೊಟ್ಟ ಅಳತೆಯೇ ಕಾಣಿಸಿದರೆ ಸರಿಯಾದ ಜಾಗದಲ್ಲೇ ಇದ್ದೀರಿ. ಅದೇ ಉಬುಂಟುವನ್ನು ಪೆನ್‌ಡ್ರೈವ್‌ಗೆ ಹಾಕಿ, ಲ್ಯಾಪ್‌ಟಾಪನ್ನೇ ಅದರಿಂದ ಬೂಟ್ ಮಾಡಿದ್ದರೆ ಮಾತು ಬೇರೆ. ಅಲ್ಲಿ ಅಳಿಸು ಅಂದರೆ ನಿಜವಾಗಿಯೂ ಎಲ್ಲವೂ ಹೋಗುತ್ತದೆ.

ಒಂದು ಕಡೆ ಮಾತ್ರ ಹುಷಾರಾಗಿರಿ: ಶೇರ್ಡ್ ಫೋಲ್ಡರ್. ವಿಂಡೋಸ್‌ನ ಒಂದು ಫೋಲ್ಡರನ್ನು ಉಬುಂಟು ಒಳಗೂ ಕಾಣುವಂತೆ ಮಾಡಿಕೊಂಡಿದ್ದರೆ, ಅಲ್ಲಿ ಅಳಿಸಿದ ಫೈಲು ಇಲ್ಲೂ ಹೋಗುತ್ತದೆ. ಬರೀ ಓದಲು ಸಾಕು ಅನ್ನುವುದಾದರೆ ‘ರೀಡ್ ಓನ್ಲಿ’ ಟಿಕ್ ಮಾಡಿಡಿ. ಕಲಿಯುವವರಿಗೆ ನಾನು ಹೇಳುವುದೂ ಅದನ್ನೇ.

ಇನ್ನು ರ‍್ಯಾಮ್ ವಿಷಯ. 8 ಜಿಬಿಯಲ್ಲಿ ಕೆಲಸ ನಡೆಯುತ್ತದೆ, ಆರಾಮಾಗಿ ಅಂತ ಹೇಳಲಾರೆ. ಉಬುಂಟುಗೆ 4 ಜಿಬಿ, ಪ್ರೊಸೆಸರ್ 2 ಕೊಡಿ. ರ‍್ಯಾಮ್ ಪಟ್ಟಿಯಲ್ಲಿ ಹಸಿರು ಭಾಗ ದಾಟಬೇಡಿ, ಹೊರಗಿನ ವಿಂಡೋಸ್ ಕೂಡ ಉಸಿರಾಡಬೇಕಲ್ವಾ? ಆ ಹೊತ್ತಿಗೆ ಬ್ರೌಸರ್ ಮುಚ್ಚಿಬಿಡಿ. ಆದರೂ ಎಳೆದಾಡಿದರೆ ಲುಬುಂಟು ಅಥವಾ ಕ್ಷುಬುಂಟು ಹಾಕಿ. ಒಳಗೆ ಅದೇ ಉಬುಂಟು, ಡೆಸ್ಕ್‌ಟಾಪ್ ಮಾತ್ರ ಹಗುರ. ಕಮಾಂಡ್ ಟೈಪ್ ಮಾಡುವ ಟರ್ಮಿನಲ್‌ನಲ್ಲಿ ಕಲಿಯುವ ಪಾಠಕ್ಕೆ ಏನೂ ವ್ಯತ್ಯಾಸ ಆಗುವುದಿಲ್ಲ.

ರ‍್ಯಾಮ್ ಸಾಕಷ್ಟು ಕೊಟ್ಟ ಮೇಲೂ ವಿಪರೀತ ನಿಧಾನ ಇದ್ದರೆ, ಮಷೀನ್ ಓಡುವಾಗ ಕಿಟಕಿಯ ಕೆಳಗಿನ ಬಲ ಮೂಲೆ ನೋಡಿ. ಅಲ್ಲಿ ಹಸಿರು ಆಮೆಯ ಚಿತ್ರ ಇದ್ದರೆ ವಿಂಡೋಸ್‌ನದೇ ವರ್ಚುವಲ್ ಮಷೀನ್ ವ್ಯವಸ್ಥೆಯಾದ ಹೈಪರ್-ವಿ, ಪ್ರೊಸೆಸರಿನ ವರ್ಚುವಲೈಸೇಶನ್ ಸೌಲಭ್ಯವನ್ನು ತಾನೇ ಹಿಡಿದುಕೊಂಡಿದೆ, ವರ್ಚುವಲ್‌ಬಾಕ್ಸ್ ಅದರ ಮೂಲಕ ಸುತ್ತಿ ಬಳಸಿ ಓಡುತ್ತಿದೆ ಅಂತ ಅರ್ಥ. ‘ಮೆಮೊರಿ ಇಂಟೆಗ್ರಿಟಿ’ ಆನ್ ಇದ್ದರೂ, ಡಬ್ಲ್ಯುಎಸ್ಎಲ್ 2 (ವಿಂಡೋಸ್‌ನಲ್ಲೇ ಲಿನಕ್ಸ್ ಓಡಿಸುವ ಸೌಲಭ್ಯ) ಹಾಕಿದ್ದರೂ ಹೀಗಾಗುತ್ತದೆ. ಮೆಮೊರಿ ಇಂಟೆಗ್ರಿಟಿ ನಿಮ್ಮ ಕಂಪ್ಯೂಟರಿನ ಭದ್ರತೆಗೆ ಇರುವಂಥದ್ದು. ಸ್ವಲ್ಪ ವೇಗಕ್ಕಾಗಿ ಅದನ್ನು ಆಫ್ ಮಾಡಿ ಅಂತ ನಾನು ಹೇಳುವುದಿಲ್ಲ.

ಪ್ರಶ್ನೆ: ಉಬುಂಟು ತಾನಾಗಿಯೇ ಇನ್‌ಸ್ಟಾಲ್ ಆಯಿತು, ನನ್ನನ್ನು ಏನೂ ಕೇಳಲಿಲ್ಲ. ಈಗ ಸುಡೋ (ಅಡ್ಮಿನ್ ಅಧಿಕಾರದಲ್ಲಿ ಕೆಲಸ ಮಾಡಿಸುವ ಕಮಾಂಡ್) ಕೊಟ್ಟರೆ ‘ನಿಮಗೆ ಅನುಮತಿ ಇಲ್ಲ’ ಅನ್ನುತ್ತದೆ. ಪರದೆಯೂ ಚಿಕ್ಕದಾಗಿಯೇ ಇದೆ.

ಉತ್ತರ: ಏನೂ ಕೇಳಲಿಲ್ಲ ಅಂದಿರಲ್ಲ, ತೊಂದರೆ ಇರುವುದು ಅಲ್ಲೇ. ವರ್ಚುವಲ್‌ಬಾಕ್ಸ್ 7ರಲ್ಲಿ ಉಬುಂಟುವಿನ ಐಎಸ್ಒ ಫೈಲು (ಇನ್‌ಸ್ಟಾಲ್ ಮಾಡಲು ಡೌನ್‌ಲೋಡ್ ಮಾಡಿದ ಫೈಲು) ತೋರಿಸಿದ ಕೂಡಲೇ ಅದು ‘ಅನ್‌ಅಟೆಂಡೆಡ್ ಇನ್‌ಸ್ಟಾಲೇಶನ್’ಗೆ, ಅಂದರೆ ಏನೂ ಕೇಳದೆ ತಾನೇ ಇನ್‌ಸ್ಟಾಲ್ ಮಾಡಲು, ಹೊರಡುತ್ತದೆ. ನೀವು ಹೆಸರು ಬದಲಿಸದಿದ್ದರೆ ‘ವಿಬಾಕ್ಸ್‌ಯೂಸರ್’ ಅನ್ನುವ ಖಾತೆ ಹುಟ್ಟುತ್ತದೆ, ಆ ಖಾತೆಗೆ ಸುಡೋ ಅಧಿಕಾರ ಇರುವುದಿಲ್ಲ. ಸರಿಮಾಡಲು ದಾರಿ ಇದೆ, ಆದರೆ ಹೊಸದಾಗಿ ಹಾಕಿದ ಮಷೀನ್‌ನಲ್ಲಿ ಕಳೆದುಕೊಳ್ಳುವಂಥದ್ದು ಏನೂ ಇಲ್ಲವಲ್ಲ. ಅದನ್ನು ಡಿಲೀಟ್ ಮಾಡಿ, ಮತ್ತೊಂದು ತಯಾರಿಸಿ. ಈ ಸಲ ಅನ್‌ಅಟೆಂಡೆಡ್ ಆಯ್ಕೆಯನ್ನು ಬಿಟ್ಟು, ಹೆಸರು, ಪಾಸ್‌ವರ್ಡ್, ಕೀಬೋರ್ಡ್ ಎಲ್ಲ ನೀವೇ ಕೊಡಿ. ಕೊನೆಯಲ್ಲಿ ಇನ್‌ಸ್ಟಾಲೇಶನ್ ಮೀಡಿಯಾ ತೆಗೆಯಿರಿ ಅಂತ ಬಂದಾಗ ಎಂಟರ್ ಒತ್ತಿದರೆ ಸಾಕು.

ಪರದೆಗೆ ಬೇಕಾಗಿರುವುದು ಗೆಸ್ಟ್ ಅಡಿಷನ್ಸ್, ಅಂದರೆ ಉಬುಂಟು ಒಳಗೆ ಹಾಕುವ ವರ್ಚುವಲ್‌ಬಾಕ್ಸ್‌ನ ಪೂರಕ ತಂತ್ರಾಂಶ. ‘ಡಿವೈಸಸ್’ ಮೆನುವಿನಿಂದ ಅದರ ಸಿಡಿ ಹಾಕಿ, ಒಳಗಿನ ಪ್ರೋಗ್ರಾಂ ಓಡಿಸಿ, ಉಬುಂಟುವನ್ನು ರೀಸ್ಟಾರ್ಟ್ ಮಾಡಿ. ಆಮೇಲೆ ಕಿಟಕಿ ಎಷ್ಟು ಎಳೆದರೆ ಪರದೆ ಅಷ್ಟು ಹಿಗ್ಗುತ್ತದೆ. ಎರಡೂ ಕಡೆ ಕಾಪಿ-ಪೇಸ್ಟ್ ಬೇಕಿದ್ದರೆ ಅದೇ ಮೆನುವಿನಲ್ಲಿ ಕ್ಲಿಪ್‌ಬೋರ್ಡನ್ನು ‘ಬೈಡೈರೆಕ್ಷನಲ್’ಗೆ ಇಡಿ.

ಇಷ್ಟು ಆದ ಮೇಲೆ, ಬೇರೆ ಏನನ್ನೂ ಮುಟ್ಟುವ ಮುಂಚೆ ಒಂದು ಸ್ನ್ಯಾಪ್‌ಶಾಟ್, ಅಂದರೆ ಮಷೀನ್ ಆ ಕ್ಷಣದಲ್ಲಿ ಇರುವ ಸ್ಥಿತಿಯ ದಾಖಲೆ, ತೆಗೆದಿಡಿ. ಆಮೇಲೆ ಯಾವುದೋ ಕಮಾಂಡ್ ಕೊಟ್ಟು ಎಲ್ಲ ಕೆಟ್ಟರೂ ಮಷೀನ್ ಆಫ್ ಮಾಡಿ ‘ರಿಸ್ಟೋರ್’ ಒತ್ತಿದರೆ ಇದೇ ಸ್ಥಿತಿಗೆ ವಾಪಸ್ ಬರುತ್ತೀರಿ. ಅದು ಬ್ಯಾಕಪ್ ಅಲ್ಲ, ಮೂಲ ವಿಡಿಐ ಫೈಲೇ ಹಾಳಾದರೆ ಸ್ನ್ಯಾಪ್‌ಶಾಟೂ ಉಪಯೋಗಕ್ಕೆ ಬರುವುದಿಲ್ಲ. ಒಳಗೆ ಬರೆದ ಮುಖ್ಯವಾದ ಫೈಲುಗಳನ್ನು ಆಗಾಗ ಹೊರಗೂ ಕಾಪಿ ಮಾಡಿಟ್ಟುಕೊಳ್ಳಿ.