ಜೇಬಿಗೆ ವಾಪಸು ಹೋದ ಮೂರು ನೋಟು

ಈ ವಾರ ಬಂದ ಪತ್ರಗಳಲ್ಲಿ ಒಂದನ್ನು ಓದಿ ಕೆಳಗಿಟ್ಟ ಮೇಲೂ ಅದು ನನ್ನನ್ನು ಬಿಡಲಿಲ್ಲ. ರಾತ್ರಿ ಎದ್ದು ದೀಪ ಹಾಕಿಕೊಂಡು ಮತ್ತೊಮ್ಮೆ ಓದಿದೆ. ಈ ಅಂಕಣಕ್ಕೆ ಹೆಚ್ಚಾಗಿ ಬರುವುದು ಗಂಡ-ಹೆಂಡಿರ ಮುನಿಸು, ಅತ್ತೆ-ಸೊಸೆಯರ ಜಗಳ, ಅಣ್ಣತಮ್ಮಂದಿರ ಪಾಲಿನ ತಕರಾರು. ಇದು ಮುದ್ದೆ ಊಟದ ಪತ್ರ. ಹಾಗೆಂದು ಇದರೊಳಗಿನ ನೋವು ಪಾಲಿನ ತಕರಾರಿಗಿಂತ ಚಿಕ್ಕದಾಗಿ ನನಗೆ ಕಾಣಲಿಲ್ಲ.

ಬರೆದವರಿಗೆ 46 ವರ್ಷ. ಹೆಸರು ಬೇಡವೆಂದಿದ್ದಾರೆ. 1997ರಲ್ಲಿ ಒಟ್ಟಿಗೆ ಐಟಿಐ ಮುಗಿಸಿದ ಐವರು ಗೆಳೆಯರಲ್ಲಿ ಅವರೊಬ್ಬರು. ತಿಂಗಳಿಗೊಂದು ಭಾನುವಾರ, ಬೆಳಗಿನ ಹತ್ತರ ಹೊತ್ತಿಗೆ, ಬೆಂಗಳೂರಿನ ಮಾಗಡಿ ರಸ್ತೆಯ ಕಡೆಯ ಒಂದು ಸಣ್ಣ ಮಿಲಿಟರಿ ಹೋಟೆಲಿನಲ್ಲಿ ಐವರೂ ಸೇರಿ ಮುದ್ದೆ, ಬಾಡಿನ ಸಾರು ಉಣ್ಣುವುದು ಇಪ್ಪತ್ತು ವರ್ಷ ಮೀರಿದ ರೂಢಿ. ಗೆಳೆಯರಲ್ಲಿ ಒಬ್ಬರು ಗೂಡ್ಸ್ ಆಟೊ ಓಡಿಸುತ್ತಾರೆ, ಒಬ್ಬರು ಎಲೆಕ್ಟ್ರಿಷಿಯನ್, ಒಬ್ಬರು ಗಾರ್ಮೆಂಟ್ಸ್ ಕಾರ್ಖಾನೆಯ ಸ್ಟೋರಿನಲ್ಲಿದ್ದಾರೆ, ಇನ್ನೊಬ್ಬರದು ಸೈಕಲ್ ಅಂಗಡಿ. ಪತ್ರ ಬರೆದವರು 2019ರಲ್ಲಿ ಸಾಲ ಮಾಡಿ ಪೀಣ್ಯದಲ್ಲಿ ಸ್ವಂತ ವರ್ಕ್‌ಶಾಪ್ ಹಾಕಿದರು. ಅದು ಕೈ ಹಿಡಿಯಿತು. ಅಂದಿನಿಂದ ಹೋಟೆಲಿನ ಬಿಲ್ಲು ಪೂರ್ತಿ ಅವರದೇ. ಈಚೆಗೆ ಮೂರು ತಿಂಗಳಿಂದ ಗೆಳೆಯರು ಒಂದಲ್ಲ ಒಂದು ನೆಪ ಹೇಳುತ್ತಿದ್ದರು. ಒಬ್ಬರಿಗೆ ಮದುವೆ, ಒಬ್ಬರಿಗೆ ಜ್ವರ, ಇನ್ನೊಬ್ಬರಿಗೆ ಊರಿಗೆ ಹೋಗುವುದಿತ್ತು. ಹೋದ ತಿಂಗಳು ಅವರಲ್ಲೊಬ್ಬರ ವಾಟ್ಸ್‌ಆ್ಯಪ್ ಸ್ಟೇಟಸ್‌ನಲ್ಲಿ ಒಂದು ಫೋಟೊ ಕಾಣಿಸಿತು. ಅದೇ ಹೋಟೆಲು, ಅದೇ ಮೂಲೆಯ ಮೇಜು, ನಾಲ್ಕು ಬಾಳೆಎಲೆ, ನಾಲ್ಕು ಮುದ್ದೆ. ಐದನೆಯ ಕುರ್ಚಿಯ ಮೇಲೆ ಒಂದು ಹೆಲ್ಮೆಟ್.

“ಆರು ವರ್ಷ ನನ್ನ ದುಡ್ಡಿನಲ್ಲಿ ತಿಂದವರು ನನ್ನನ್ನೇ ಬಿಟ್ಟು ಹೋದರು. ಇಂಥ ಕೃತಘ್ನರನ್ನು ನೇರವಾಗಿ ಕೇಳಿಬಿಡಲೇ, ಸುಮ್ಮನೆ ದೂರವಾಗಲೇ?” ಎಂಬುದು ಅವರ ಪ್ರಶ್ನೆ.

ಕೃತಘ್ನರು ಎಂಬ ಮಾತು ಪತ್ರದಲ್ಲಿ ಮೂರು ಕಡೆ ಬಂದಿದೆ. ಅದರ ನಡುವೆ, ತಾವು ಎಷ್ಟು ಧಾರಾಳಿ ಎಂದು ತೋರಿಸಲು ಅವರು ಒಂದು ಪ್ರಸಂಗವನ್ನು ಎರಡು ಸಾಲಿನಲ್ಲಿ ಬರೆದು ಮುಂದೆ ಹೋಗಿದ್ದಾರೆ. “ಒಂದು ಸಲ ಆಟೊ ಓಡಿಸುವವನು ಐನೂರರ ಮೂರು ನೋಟು ಹಿಡಿದುಕೊಂಡು ಗಲ್ಲಾದ ಹತ್ತಿರ ಬಂದಿದ್ದ. ಅವನ್ನು ಕಿತ್ತು ಅವನ ಜೇಬಿಗೇ ತುರುಕಿ, ಇಟ್ಟುಕೊಳ್ಳೋ, ಮಗಳ ಫೀಸಿಗಾದರೂ ಆಗುತ್ತದೆ ಎಂದೆ.”

ನೀವು ದಾಟಿ ಹೋದ ಈ ಜಾಗದಲ್ಲಿ ನಾನು ನಿಂತುಬಿಟ್ಟೆ. ನೀವೂ ಬಂದು ನನ್ನ ಪಕ್ಕ ನಿಂತು ನೋಡಿ.

ಆಟೊ ಓಡಿಸುವವರು ಐವರ ಊಟಕ್ಕೆ ಎಷ್ಟಾಗಬಹುದೆಂದು ಹಿಂದಿನ ದಿನವೇ ಲೆಕ್ಕ ಹಾಕಿರಬೇಕು. ಆ ವಾರದ ಬಾಡಿಗೆಯಿಂದ ಆ ಮೂರು ನೋಟನ್ನು ಬೇರೆ ತೆಗೆದು, ಡೀಸೆಲ್ಲಿಗೆ ಹೋಗದಂತೆ, ಮನೆ ಸಾಮಾನಿಗೆ ಹೋಗದಂತೆ ಕಾಪಾಡಿಕೊಂಡಿರಬೇಕು. ಎಲ್ಲರಿಗಿಂತ ಮೊದಲು ಎಲೆ ಮಡಚಿ, ಕೈ ತೊಳೆದು, ಒದ್ದೆ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಗಲ್ಲಾಕ್ಕೆ ಬಂದಿದ್ದಾರೆ. ಇವತ್ತು ನನ್ನದು ಎಂದು ಹೇಳಲು ಬಂದವರು ಅವರು. ನೀವು ಅವರ ಕೈಯಿಂದ ನೋಟು ಕಿತ್ತಿರಿ. ಅದೂ ಹೋಗಲಿ ಎನ್ನೋಣ, ಗೆಳೆಯರಲ್ಲಿ ಇಂಥ ಎಳೆದಾಟ ಇದ್ದದ್ದೇ. ಆದರೆ ಮಗಳ ಫೀಸಿನ ತಾಪತ್ರಯ ನಿಮಗೆ ತಿಳಿದದ್ದು ಹೇಗೆ? ಯಾವುದೋ ಸಂಜೆ ಗೆಳೆಯನೆಂಬ ಸಲುಗೆಯಿಂದ ಅವರೇ ನಿಮ್ಮ ಬಳಿ ಹೇಳಿಕೊಂಡಿರಬೇಕು. ನಿಮ್ಮ ಕಿವಿಯಲ್ಲಿ ಹೇಳಿದ ಕಷ್ಟವನ್ನು ನೀವು ಗಲ್ಲಾದ ಮುಂದೆ, ಸಪ್ಲೈಯರ್ ಹುಡುಗನ ಮುಂದೆ, ಬಿರಿಯಾನಿ ಪಾರ್ಸೆಲಿಗೆ ಸಾಲು ನಿಂತವರ ಮುಂದೆ ಆಡಿದಿರಿ. ಅವತ್ತೇ ಅವರ ಪಾಲಿಗೆ ಆ ಹೋಟೆಲಿನ ಊಟ ಹಂಗಿನ ಊಟವಾಯಿತು. ಉಳಿದ ಮೂವರೂ ಅದನ್ನು ಕಣ್ಣಾರೆ ಕಂಡರು. ನಾಳೆ ನಮ್ಮ ಯಾವ ಕಷ್ಟ ಗಲ್ಲಾದ ಮುಂದೆ ಬರುತ್ತದೋ ಎಂದು ಅವರಿಗೆ ಅನಿಸದೆ ಇರುತ್ತದೆಯೇ?

ಮಿಲಿಟರಿ ಹೋಟೆಲು ಎಂದರೆ ನನಗೆ ಬರೀ ಬಾಡೂಟದ ಅಂಗಡಿಯಲ್ಲ. ಕಾಟನ್‌ಪೇಟೆಯ ಎಸ್.ಜಿ. ರಾವ್ ಮಿಲಿಟರಿ ಹೋಟೆಲು ಶುರುವಾದದ್ದು 1908ರಲ್ಲಿ. ಅಲ್ಲಿಂದ ಇಲ್ಲಿಯವರೆಗೆ ಬೆಂಗಳೂರು, ಮೈಸೂರು, ಮಂಡ್ಯ, ತುಮಕೂರಿನ ಎಷ್ಟೋ ಗಲ್ಲಿಗಳಲ್ಲಿ ಈ ಹೋಟೆಲುಗಳು ದುಡಿಯುವ ಗಂಡಸರ ಹೊಟ್ಟೆ ತುಂಬಿಸಿವೆ. ಸೌದೆ ಒಲೆ, ಹೊಗೆ ಹಿಡಿದ ಗೋಡೆ, ಕೊತ್ತಂಬರಿ ಸೊಪ್ಪು, ಹಸಿಮೆಣಸಿನಕಾಯಿ, ಚಕ್ಕೆ, ಲವಂಗ ರುಬ್ಬಿದ ಸಾರಿನ ಘಮ. ಬೆಳಿಗ್ಗೆಯೇ ಕಾಲು ಸೂಪು, ಆಮೇಲೆ ಬೋಟಿ, ತಲೆಮಾಂಸ, ಖೈಮಾ ಉಂಡೆ, ದೊನ್ನೆಯಲ್ಲಿ ಬಿರಿಯಾನಿ. ಮಧ್ಯಾಹ್ನ ಮೂರರ ಹೊತ್ತಿಗೆ ಪಾತ್ರೆ ಬರಿದಾದರೆ ಬಾಗಿಲು ಎಳೆಯುತ್ತಾರೆ. ಅಲ್ಲಿ ಎದುರಿಗೆ ಯಾರು ಬಂದು ಕೂತರೂ ನೀವು ಎಲೆ ಸರಿಸಿ ಜಾಗ ಮಾಡಿಕೊಡಬೇಕು. ಕೈಯಲ್ಲಿ ಕಾಸು ಕಡಿಮೆಯಿದ್ದವನು ಒಂದು ಮುದ್ದೆ, ಬರೀ ಸಾರು ಹಾಕಿಸಿಕೊಂಡು, ಮುರಿದು, ಅದ್ದಿ, ಗುಳುಂ ಎಂದು ನುಂಗಿ ಹೊಟ್ಟೆ ತಣ್ಣಗೆ ಮಾಡಿಕೊಂಡು ಏಳಬಹುದು. (ಮುದ್ದೆಯನ್ನು ಅಗಿಯಬಾರದು, ನುಂಗಬೇಕು. ಇದನ್ನು ನಾನು ಈ ಅಂಕಣದಲ್ಲಿ ಹಿಂದೆಯೂ ಬರೆದಿದ್ದೇನೆ, ಮುಂದೆಯೂ ಬರೆಯುತ್ತೇನೆ.) ಇಂಥ ಕಡೆ ಊಟ ಅಗ್ಗವಾಗಿರುವುದರಿಂದ ಬಡವನೂ ಉಣ್ಣಬಹುದು ಎಂದು ಎಲ್ಲರೂ ಹೇಳುತ್ತಾರೆ. ಬಡವನೂ ಉಣ್ಣಿಸಬಹುದು ಎಂಬುದು ಅದಕ್ಕಿಂತ ದೊಡ್ಡದು. ದೊಡ್ಡ ಹೋಟೆಲಿನಲ್ಲಿ ಗೂಡ್ಸ್ ಆಟೊ ಓಡಿಸುವವರು ನಾಲ್ವರು ಗೆಳೆಯರಿಗೆ ಊಟ ಹಾಕಿಸಲಾರರು. ಇಲ್ಲಿ ಹಾಕಿಸಬಲ್ಲರು. ಆ ಒಂದು ಭಾಗ್ಯವನ್ನು ನೀವು ಆರು ವರ್ಷ ಅವರಿಂದ ಕಿತ್ತುಕೊಂಡಿರಿ.

ನನ್ನ ತಂದೆ ದೊಡ್ಡಬಳ್ಳಾಪುರದಲ್ಲಿ ಬೇರೆಯವರ ಮಗ್ಗ ನೇಯುತ್ತಿದ್ದರು. ಶನಿವಾರ ಬಟವಾಡೆಯಾದ ಮೇಲೆ ಅವರೂ ಮೂವರು ಜೊತೆಗಾರರೂ ಬಸ್ ನಿಲ್ದಾಣದ ಹತ್ತಿರದ ಒಂದು ಮುದ್ದೆ ಹೋಟೆಲಿಗೆ ಹೋಗುತ್ತಿದ್ದರು. ನಾನು ಟಿಫನ್ ಕ್ಯಾರಿಯರ್ ಹಿಡಿದು ಹೊರಗಿನ ಕಲ್ಲಿನ ಮೇಲೆ ಕಾಯುತ್ತಿದ್ದೆ, ಅಮ್ಮನಿಗೂ ನಮಗೂ ಸಾರು ತರಲು. ಹೆಣ್ಣುಮಕ್ಕಳು ಒಳಗೆ ಹೋಗುವ ಕಾಲ ಅದಲ್ಲ. ಬಾಗಿಲಿನಿಂದ ಎಲ್ಲ ಕಾಣುತ್ತಿತ್ತು, ಕೇಳುತ್ತಿತ್ತು. ಊಟ ಮುಗಿದವರು ಏಳುತ್ತಿದ್ದಂತೆ ಸಪ್ಲೈಯರ್ ಒಳಗಿನಿಂದಲೇ ಬಿಲ್ಲು ಕೂಗುತ್ತಿದ್ದ, ಗಲ್ಲಾದವರು ಅಷ್ಟು ತೆಗೆದುಕೊಳ್ಳುತ್ತಿದ್ದರು. ದುಡ್ಡು ಕೊಡುವುದು ಸರದಿಯ ಮೇಲೆ, ವಾರಕ್ಕೊಬ್ಬರು. ಒಮ್ಮೆ ಅವರಲ್ಲೊಬ್ಬರ ಮಗ್ಗ ನಿಂತು ಮೂರು ವಾರವಾಗಿತ್ತು, ಸರದಿ ಅವರದೇ ಬಂತು. ಅವತ್ತು ನನ್ನ ತಂದೆ, “ನನಗೆ ಹೊಟ್ಟೆ ಸರಿಯಿಲ್ಲ, ಬರೀ ಸಾರು, ಅರ್ಧ ಮುದ್ದೆ ಸಾಕು” ಎಂದರು. ಪಕ್ಕದವರು, “ನನಗೂ ಬಾಡು ಬೇಡಪ್ಪ, ಇವತ್ತು ಯಾಕೋ ಆಗುವುದಿಲ್ಲ” ಎಂದರು. ಮೂರನೆಯವರೂ ಅದೇ ರಾಗ. ಬಿಲ್ಲು ಚಿಕ್ಕದಾಯಿತು. ಮಗ್ಗ ನಿಂತವರೇ ಗಲ್ಲಾಕ್ಕೆ ಹೋಗಿ, ಚಿಲ್ಲರೆ ಎಣಿಸಿ ಕೊಟ್ಟು, ಮೀಸೆ ಒರೆಸಿಕೊಂಡು ಹೊರಗೆ ಬಂದರು. ಬಂದವರು ನನ್ನ ತಲೆ ಸವರಿ, “ಏನು ಮರಿ, ನಿಮ್ಮಪ್ಪನಿಗೆ ನಾನು ಊಟ ಹಾಕಿಸಿದೆ ನೋಡು” ಎಂದರು. ಮನೆಗೆ ಬಂದ ನನ್ನ ತಂದೆ ಅಮ್ಮನಿಂದ ಬಿಸಿ ಮುದ್ದೆ ಹಾಕಿಸಿಕೊಂಡು ಉಂಡರು. ಹೊಟ್ಟೆ ಸರಿಯಿಲ್ಲವೆಂದವರು ಹೀಗೇಕೆ ಉಣ್ಣುತ್ತಾರೆಂದು ನಾನು ಕೇಳಿದೆ. ಅಮ್ಮ ಕಣ್ಣಲ್ಲೇ ಗದರಿಸಿದಳು.

ಜೊತೆಗಾರನ ಕಷ್ಟ ನನ್ನ ತಂದೆಗೆ ಗೊತ್ತಿತ್ತು, ನಿಮಗೂ ಗೊತ್ತಿದೆ. ಅವರು ತಮ್ಮ ಎಲೆಯ ಮೇಲಿನ ಬಾಡು ಬಿಟ್ಟುಕೊಟ್ಟರು, ಜೊತೆಗಾರನ ಸರದಿಯನ್ನು ಮುಟ್ಟಲಿಲ್ಲ. ನೀವು ತಲೆಮಾಂಸ, ಚಾಪ್ಸ್, ಎರಡೆರಡು ಪ್ಲೇಟ್ ಬೋಟಿ ಹೇಳಿ ಎಲ್ಲರ ಎಲೆ ತುಂಬಿಸಿದಿರಿ, ಎಲ್ಲರ ಸರದಿಯನ್ನೂ ತೆಗೆದುಬಿಟ್ಟಿರಿ.

ಇನ್ನು ನಿಮ್ಮ ಭಾವಮೈದುನನ ವಿಚಾರ. ಪತ್ರದಲ್ಲಿ ಅವನು ಒಂದೇ ಸಾಲಿನಲ್ಲಿ ಬಂದು ಹೋಗುತ್ತಾನೆ. ನಾಲ್ಕು ತಿಂಗಳ ಹಿಂದೆ ಅವನನ್ನೂ ಜೊತೆಗೆ ಕರೆದುಕೊಂಡು ಹೋಗಿದ್ದಿರಿ, “ಅವನೂ ಎಲ್ಲರಿಗೂ ಬಲವಂತ ಮಾಡಿ ಬಡಿಸಿದ, ಹಾಕಿಸಿಕೊಳ್ಳಿ, ಹೇಗಿದ್ದರೂ ನಮ್ಮ ಭಾವ ಕೊಡುತ್ತಾರೆ ಎಂದ” ಎಂದು ಮೆಚ್ಚಿ ಬರೆದಿದ್ದೀರಿ. ಗೆಳೆಯರು ನೆಪ ಹೇಳಲು ಶುರುಮಾಡಿದ್ದು ಅದರ ಮರುತಿಂಗಳಿನಿಂದ! ಇದು ನಿಮ್ಮ ಕಣ್ಣಿಗೆ ಬೀಳಲಿಲ್ಲವೇ? ನೋಟಿನ ಪ್ರಸಂಗವನ್ನು ಅವರು ಹೇಗೋ ನುಂಗಿಕೊಂಡಿದ್ದರು, ಹಳೆಯ ಗೆಳೆಯನಲ್ಲವೇ ಎಂದು. ನೆನ್ನೆ ಮೊನ್ನೆ ಬಂದ ಹುಡುಗ, ಇಪ್ಪತ್ತು ವರ್ಷದ ಮೇಜಿನಲ್ಲಿ ಕೂತು, ಅವರನ್ನು ನಿಮ್ಮ ಋಣದಲ್ಲಿರುವವರಂತೆ ಮಾತನಾಡಿಸಿದ. ಅವನ ಬಾಯಿಂದ ಬಂದ ಆ ಮಾತಿಗೆ ನಿಮ್ಮ ಮೇಲಿರುವುದಕ್ಕಿಂತ ಹೆಚ್ಚಿನ ಸಿಟ್ಟು ನನಗೆ ಅವನ ಮೇಲಿದೆ. ಅವನನ್ನು ಇನ್ನು ಮುಂದೆ ಆ ಹೋಟೆಲಿನ ಮೆಟ್ಟಿಲು ಹತ್ತಿಸಬೇಡಿ. ಮಟನ್ ತಿನ್ನುವ ಆಸೆಯಿದ್ದರೆ ಮನೆಗೆ ಕರೆದು ಅವನ ಅಕ್ಕನ ಕೈಯಲ್ಲಿ ಮಾಡಿಸಿ ಹಾಕಿ.

ಮೊಬೈಲಿನಿಂದ ದುಡ್ಡು ಬಂದೊಡನೆ ಕೂಗಿ ಹೇಳುವ, ಗಲ್ಲಾದ ಪಕ್ಕದಲ್ಲಿಟ್ಟಿರುವ ಆ ಪೆಟ್ಟಿಗೆಯ ಮೇಲೂ ನನಗೆ ಸಿಟ್ಟಿದೆ. 2016ರಲ್ಲಿ ಯುಪಿಐ ಬಂದ ಮೇಲೆ ಚಿಲ್ಲರೆಯ ತೊಂದರೆ ತಪ್ಪಿತು, ಒಪ್ಪುತ್ತೇನೆ. ಆದರೆ ಕೂತಲ್ಲಿಂದಲೇ ಮೊಬೈಲು ಹಿಡಿದು ನೀವು ದುಡ್ಡು ಕಳಿಸುತ್ತೀರಿ, ಇನ್ನೂ ಮಜ್ಜಿಗೆ ಕುಡಿಯುತ್ತಿರುವ ಗೆಳೆಯರ ಕಿವಿಗೆ ಇಷ್ಟು ಸಾವಿರ ರೂಪಾಯಿ ಸ್ವೀಕರಿಸಲಾಗಿದೆ ಎಂದು ಅದು ಸಾರುತ್ತದೆ. ಎದ್ದು ಹೋಗಿ ನಾನು ಕೊಡುತ್ತೇನೆ, ನೀನು ಬಿಡು ಎಂದು ಎಳೆದಾಡುವ ಅವಕಾಶವೂ ಅವರಿಗೆ ಉಳಿಯುವುದಿಲ್ಲ. ನೋಟು ಕೈಯಿಂದ ಕೈಗೆ ಹೋಗುವಾಗ ಆ ಎಳೆದಾಟಕ್ಕೆ ಜಾಗವಿತ್ತು. ಗೆಳೆತನದಲ್ಲಿ ಆ ಜಾಗ ಬೇಕು.

ನಿಮ್ಮ ಮೇಲೆ ನನಗೆ ಮರುಕವಿಲ್ಲ ಎಂದುಕೊಳ್ಳಬೇಡಿ. ಪತ್ರದ ಕೊನೆಯ ಪುಟದಲ್ಲಿ ನೀವು ಬರೆದದ್ದನ್ನು ಓದಿದ್ದೇನೆ. ಐಟಿಐ ದಿನಗಳಲ್ಲಿ ನಿಮ್ಮ ತಂದೆ ತೀರಿಕೊಂಡ ಮೇಲೆ ಬಸ್ ಚಾರ್ಜಿಗೂ ಕಾಸಿಲ್ಲದ ಎಷ್ಟೋ ದಿನ, ಇದೇ ಆಟೊ ಗೆಳೆಯ ತನ್ನ ಬುತ್ತಿಯ ಮುದ್ದೆಯನ್ನು ಎರಡು ಭಾಗ ಮಾಡಿ ನಿಮಗೆ ಅರ್ಧ ಕೊಡುತ್ತಿದ್ದರು. ಆ ಅರ್ಧ ಮುದ್ದೆಯ ಋಣ ತೀರಿಸುವ ಆತುರವೇ ನಿಮ್ಮ ಕೈಯಲ್ಲಿ ಇಷ್ಟೆಲ್ಲ ಮಾಡಿಸಿತು. ಆದರೆ ನೆನಪಿಸಿಕೊಳ್ಳಿ, ಆಗ ಅವರು ಕೊಟ್ಟದ್ದು ಅರ್ಧ. ಇನ್ನರ್ಧವನ್ನು ನಿಮ್ಮ ಪಕ್ಕದಲ್ಲೇ ಕೂತು ತಾವು ಉಂಡರು. ನಿಮ್ಮನ್ನು ಯಾರೂ ಹಂಗಿಸಲಿಲ್ಲ, ನಿಮ್ಮ ಮನೆಯ ಕಷ್ಟವನ್ನು ಯಾರೂ ಕ್ಲಾಸಿನಲ್ಲಿ ಕೂಗಿ ಹೇಳಲಿಲ್ಲ.

ಇನ್ನು ಆ ಫೋಟೊ. ನೀವು ಅದರಲ್ಲಿ ನಾಲ್ಕು ಎಲೆ ನೋಡಿದಿರಿ, ನಾನು ಆ ಹೆಲ್ಮೆಟ್ ನೋಡುತ್ತಿದ್ದೇನೆ. ಭಾನುವಾರ ಹತ್ತು ಗಂಟೆಗೆ ಮಿಲಿಟರಿ ಹೋಟೆಲಿನಲ್ಲಿ ಕುರ್ಚಿಯ ಹಿಂದೆ ಜನ ನಿಂತು ಕಾಯುತ್ತಿರುತ್ತಾರೆ. ಅಂಥ ಹೊತ್ತಿನಲ್ಲಿ ಒಂದು ಕುರ್ಚಿಗೆ ಹೆಲ್ಮೆಟ್ ಇಟ್ಟು, ಬಂದವರಿಗೆಲ್ಲ ಇಲ್ಲಿ ಜನ ಇದ್ದಾರೆ ಎಂದು ಹೇಳುತ್ತ ಕೂತು ಉಣ್ಣುವುದು ಸುಲಭವಲ್ಲ. ಸ್ಟೇಟಸ್ ಹಾಕಿದರೆ ನೀವು ನೋಡುತ್ತೀರೆಂಬುದೂ ಅವರಿಗೆ ಗೊತ್ತು. ನಿಮ್ಮನ್ನು ಬೇಡವೆಂದವರು ಹೀಗೆ ಮಾಡುವುದಿಲ್ಲ.

ನೇರವಾಗಿ ಕೇಳಬೇಡಿ. ಗುಂಪಿನಲ್ಲಿ ಉದ್ದನೆಯ ಸಂದೇಶ ಹಾಕಬೇಡಿ. ಮುನಿಸನ್ನು ಮೊಬೈಲಿನಲ್ಲಿ ಬಗೆಹರಿಸಿಕೊಂಡವರನ್ನು ನಾನು ಈವರೆಗೆ ಕಂಡಿಲ್ಲ. ಮಗಳ ಫೀಸು ಕಟ್ಟುತ್ತೇನೆಂದು ಮಾತ್ರ ದಯವಿಟ್ಟು ಹೋಗಬೇಡಿ. ನೀವು ಮಾಡಬೇಕಾದದ್ದು ಒಂದೇ ಕೆಲಸ. ಈ ಶನಿವಾರ ಸಂಜೆ ಆಟೊ ನಿಲ್ಲುವ ಜಾಗಕ್ಕೆ ನಡೆದುಕೊಂಡು ಹೋಗಿ. “ನಾಳೆ ನನಗೆ ಮುದ್ದೆ ಊಟ ಹಾಕಿಸು” ಎಂದು ಕೇಳಿ. ಬೇರೇನೂ ಹೇಳಬೇಡಿ. ಅವರು ಬೈದರೆ ಬೈಸಿಕೊಳ್ಳಿ. ಭಾನುವಾರ ಹೊರಡುವಾಗ ಪರ್ಸನ್ನೂ ಮೊಬೈಲನ್ನೂ ಮನೆಯಲ್ಲೇ ಬಿಟ್ಟು ಹೋಗಿ, ಬಸ್ಸಿಗೆ ಬೇಕಾದ ಚಿಲ್ಲರೆ ಮಾತ್ರ ಜೇಬಿನಲ್ಲಿರಲಿ. ಅವರು ಏನು ಹೇಳುತ್ತಾರೋ ಅದನ್ನೇ ಉಣ್ಣಿ. ಬರೀ ಸಾರು ಹೇಳಿದರೆ ಬರೀ ಸಾರು. ಇನ್ನೊಂದು ಮುದ್ದೆ ಹಾಕಿಸಿಕೊಳ್ಳೋ ಎಂದರೆ ಹಾಕಿಸಿಕೊಳ್ಳಿ, ಬೇಡ ಎನ್ನಬೇಡಿ. ಅವರು ಗಲ್ಲಾದ ಮುಂದೆ ನೋಟು ಎಣಿಸುವಾಗ ನೀವು ಹೊರಗೆ ಬೀಡಾ ಅಂಗಡಿಯ ಹತ್ತಿರ ನಿಂತಿರಿ, ಎಷ್ಟಾಯಿತೆಂದು ಕೇಳಬೇಡಿ. ನಿಮ್ಮ ಸರದಿ ಐದು ತಿಂಗಳಿಗೊಮ್ಮೆ ಬರುತ್ತದೆ, ಅಲ್ಲಿಯವರೆಗೆ ಕಾಯಿರಿ.