ಓದುಗರ ಪ್ರಶ್ನೆ: ಬೆಳೆಯುವ ಬಡಾವಣೆಗೆ ಎಷ್ಟು ಬಯಲು, ಎಲ್ಲಿ?

ಪ್ರಶ್ನೆ: ನಮ್ಮ ಊರಿನ ಅಂಚಿನಲ್ಲಿ ಬಡಾವಣೆಗಳು ಒಂದರ ಹಿಂದೆ ಒಂದರಂತೆ ಏಳುತ್ತಿವೆ. ಹೊಸ ಕರಡು ನಕ್ಷೆಯಲ್ಲಿ ಉದ್ಯಾನಕ್ಕೆ ನಿಯಮದಷ್ಟು ಜಾಗ ಬಿಟ್ಟಿದ್ದಾರೆ. ಆದರೆ ಅದೆಲ್ಲವೂ ಒಂದೇ ಮೂಲೆಯಲ್ಲಿದೆ. ಆಕ್ಷೇಪಣೆ ಸಲ್ಲಿಸಲು ಅವಕಾಶವಿದೆ. ನಾವು ಏನನ್ನು ಕೇಳಬೇಕು?

ಉತ್ತರ: ಮೊದಲು ದೂರವನ್ನು ಕೇಳಿ, ಆಮೇಲೆ ವಿಸ್ತೀರ್ಣವನ್ನು ಕೇಳಿ. ಒಟ್ಟು ಜಾಗದ ಶೇಕಡಾವಾರು ಲೆಕ್ಕ ಕಾಗದದಲ್ಲಿ ಎಷ್ಟೇ ಸರಿಯಾಗಿದ್ದರೂ, ಮಗುವೊಂದು ತಾನಾಗಿ ನಡೆದು ತಲುಪಲಾರದ ಉದ್ಯಾನ ಆ ಮಗುವಿನ ಪಾಲಿಗೆ ಇಲ್ಲದಂತೆಯೇ. ಮನೆಯಿಂದ 300 ಮೀಟರ್ ಒಳಗೆ, ಅಂದರೆ ಸುಮಾರು ಐದು ನಿಮಿಷದ ನಡಿಗೆಯಲ್ಲಿ, ಕನಿಷ್ಠ ಅರ್ಧದಿಂದ ಒಂದು ಹೆಕ್ಟೇರ್‌ನಷ್ಟು ಸಾರ್ವಜನಿಕ ಹಸಿರು ಜಾಗ ಸಿಗಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಯುರೋಪ್ ಪ್ರಾದೇಶಿಕ ಕಚೇರಿ ಸೂಚಿಸಿರುವ ಸ್ಥೂಲ ಅಳತೆ. ಇದು ನಕ್ಷೆಯ ಮೇಲಿನ ನೇರ ಗೆರೆಯ ದೂರವೆಂಬುದನ್ನು ಮರೆಯಬೇಡಿ. ನಡುವೆ ದಾಟಲಾಗದ ಹೆದ್ದಾರಿಯೋ ಬಾಗಿಲಿಲ್ಲದ ಉದ್ದನೆಯ ಕಾಂಪೌಂಡ್ ಗೋಡೆಯೋ ಇದ್ದರೆ, ಆ 300 ಮೀಟರ್ ಕಾಲಿಗೆ ಒಂದು ಕಿಲೋಮೀಟರ್ ಆಗಬಹುದು. ಆದ್ದರಿಂದ ನಕ್ಷೆಯನ್ನು ಹಿಡಿದು ನೀವೇ ಒಮ್ಮೆ ನಡೆದು ನೋಡಿ, ಎಲ್ಲೆಲ್ಲಿ ರಸ್ತೆ ದಾಟಬೇಕಾಯಿತು, ಎಷ್ಟು ಹೊತ್ತು ಕಾಯಬೇಕಾಯಿತು ಎಂಬುದನ್ನು ಬರೆದುಕೊಂಡು ಆಕ್ಷೇಪಣೆಯ ಜೊತೆ ಲಗತ್ತಿಸಿ.

ಎರಡನೆಯದಾಗಿ, ಲೆಕ್ಕವನ್ನು ಇಂದಿನ ಜನಸಂಖ್ಯೆಗೆ ಹಾಕಿದ್ದಾರೆಯೇ, ಬಡಾವಣೆ ತುಂಬಿದಾಗ ಇರುವ ಜನಸಂಖ್ಯೆಗೋ ಎಂದು ವಿಚಾರಿಸಿ. ಎರಡು ಹೆಕ್ಟೇರ್ ಉದ್ಯಾನ 5,000 ಜನರಿಗೆ ತಲಾ ನಾಲ್ಕು ಚದರ ಮೀಟರ್ ಆಗುತ್ತದೆ. ಒಂಟಿ ಮನೆಗಳ ಜಾಗದಲ್ಲಿ ಬಹುಮಹಡಿ ಕಟ್ಟಡಗಳು ಬಂದು ಜನ 20,000 ಆದರೆ, ಅದೇ ಉದ್ಯಾನ ತಲಾ ಒಂದು ಚದರ ಮೀಟರ್‌ಗೆ ಇಳಿಯುತ್ತದೆ. ಕಟ್ಟಡಕ್ಕೆ ಮಹಡಿ ಸೇರಿಸಬಹುದು, ಬಯಲಿಗೆ ಸೇರಿಸಲಾಗದು. ಮನೆಗಳು ಎದ್ದ ಮೇಲೆ ಅದೇ ನೆಲವನ್ನು ಖರೀದಿಸುವ ಶಕ್ತಿ ಬಹುತೇಕ ಯಾವ ನಗರಾಡಳಿತಕ್ಕೂ ಇರುವುದಿಲ್ಲ.

ನ್ಯೂಯಾರ್ಕ್‌ನ ಸೆಂಟ್ರಲ್ ಪಾರ್ಕ್ ಇದಕ್ಕೆ ಹಳೆಯ ಉದಾಹರಣೆ. ನಗರದ ಬಹುಪಾಲು ಜನ ಇನ್ನೂ ಮ್ಯಾನ್‌ಹಟನ್ ದ್ವೀಪದ ದಕ್ಷಿಣ ಭಾಗದಲ್ಲಿದ್ದಾಗಲೇ, 1853ರಲ್ಲಿ, ಅದಕ್ಕೆ ನೆಲವನ್ನು ಗೊತ್ತುಮಾಡಲಾಯಿತು. ಇಂದು 843 ಎಕರೆಯ ಆ ಉದ್ಯಾನದ ಸುತ್ತ ಕಟ್ಟಡಗಳು ಒತ್ತಾಗಿ ನಿಂತಿವೆ. 1858ರಲ್ಲಿ ಆಯ್ಕೆಯಾದ ಓಮ್‌ಸ್ಟೆಡ್ ಮತ್ತು ವೋ ಅವರ ವಿನ್ಯಾಸದಲ್ಲಿ, ಉದ್ಯಾನವನ್ನು ಅಡ್ಡಹಾಯುವ ನಾಲ್ಕು ರಸ್ತೆಗಳನ್ನು ನೆಲಮಟ್ಟಕ್ಕಿಂತ ಕೆಳಗೆ ಇಳಿಸಿದ್ದರಿಂದ, ಮೇಲೆ ನಡೆಯುವವರಿಗೆ ವಾಹನಗಳು ಅಡ್ಡ ಬರುವುದಿಲ್ಲ. ಆದರೆ ಆ ಕಥೆಯನ್ನು ಅರ್ಧ ಹೇಳುವುದು ನನಗೆ ಒಪ್ಪದ ಮಾತು. ಖಾಲಿ ಎಂದು ಭಾವಿಸಿದ್ದ ಆ ನೆಲದಲ್ಲಿ ಸುಮಾರು 1,600 ಜನ ವಾಸವಾಗಿದ್ದರು. ಸೆನೆಕಾ ವಿಲೇಜ್ ಎಂಬಲ್ಲಿ ಕಪ್ಪು ಜನರು ಸ್ವಂತ ನಿವೇಶನ ಕೊಂಡು ಮನೆ, ಚರ್ಚು, ಶಾಲೆ ಕಟ್ಟಿಕೊಂಡಿದ್ದರು, ಅವರೆಲ್ಲರನ್ನೂ ಎಬ್ಬಿಸಲಾಯಿತು. ನಿಮ್ಮ ಕರಡು ನಕ್ಷೆಯಲ್ಲಿ ಹಸಿರು ಬಣ್ಣ ಬಳಿದ ಕಡೆ ಈಗ ಯಾರಿದ್ದಾರೆ, ಯಾರು ದನ ಮೇಯಿಸುತ್ತಾರೆ, ಯಾರ ಕಾಲುದಾರಿ ಹಾದುಹೋಗುತ್ತದೆ ಎಂಬುದನ್ನೂ ನೋಡಿಕೊಳ್ಳಬೇಕು.

ಇನ್ನೊಂದು ಮಾತು. ನಿವೇಶನ ಮಾಡಲು ಬಾರದ ಕಡಿದಾದ ಇಳಿಜಾರು, ವಿದ್ಯುತ್ ತಂತಿಯ ಕೆಳಗಿನ ಪಟ್ಟಿ, ರಸ್ತೆ ನಡುವಿನ ವಿಭಜಕ ಇವನ್ನೆಲ್ಲ ಕೂಡಿಸಿ ಉದ್ಯಾನದ ಲೆಕ್ಕ ತುಂಬಿಸಿದ್ದರೆ ಒಪ್ಪಬೇಡಿ. ಮಳೆನೀರು ಸಹಜವಾಗಿ ಹರಿದು ನಿಲ್ಲುವ ತಗ್ಗು ಪ್ರದೇಶದ ವಿಷಯ ಬೇರೆ; ಅದನ್ನು ಬಯಲಾಗಿಯೇ ಉಳಿಸಿದರೆ ನೆರೆಯ ನೀರು ಮನೆಗಳಿಗೆ ನುಗ್ಗುವ ಬದಲು ಅಲ್ಲಿ ಇಂಗುತ್ತದೆ. ಆದರೆ ವರ್ಷದ ಕೆಲವು ತಿಂಗಳು ಕೆಸರಾಗುವ ಆ ಜಾಗವನ್ನೇ ಮಕ್ಕಳ ಏಕೈಕ ಆಟದ ಮೈದಾನವೆಂದು ತೋರಿಸುವಂತಿಲ್ಲ.

ಪ್ರಶ್ನೆ: ನಮ್ಮ ಪಾರ್ಕ್ ಅಚ್ಚುಕಟ್ಟಾಗಿದೆ, ಹುಲ್ಲು ಹಸಿರಾಗಿದೆ. ಆದರೂ ಜನ ಬರುವುದಿಲ್ಲ. ಏಕೆ?

ಉತ್ತರ: ಕೂರಲು ಎಲ್ಲಿದೆ ಎಂದು ನೋಡಿ. ವಿಲಿಯಂ ವೈಟ್ ಎಂಬುವರು 1970ರ ದಶಕದಲ್ಲಿ ನ್ಯೂಯಾರ್ಕ್‌ನ ಕಟ್ಟಡಗಳ ಮುಂದಿನ ಅಂಗಳಗಳಲ್ಲಿ ಕ್ಯಾಮೆರಾ ಇಟ್ಟು ಜನರ ಓಡಾಟವನ್ನು ಗಮನಿಸಿದಾಗ, ಅಂದಚೆಂದಕ್ಕಿಂತ ಹೆಚ್ಚಾಗಿ, ಕೂರಲು ಜಾಗವಿದ್ದ ಕಡೆ ಜನ ಸೇರುವುದು ಕಂಡುಬಂತು. ಕುರ್ಚಿಯನ್ನು ಎತ್ತಿಡಬಹುದಾದಲ್ಲಿ, ಜನ ಕೂರುವ ಮುನ್ನ ಅದನ್ನು ಒಂದೆರಡು ಅಂಗುಲವಾದರೂ ಸರಿಸಿಕೊಳ್ಳುತ್ತಿದ್ದರು.

ಹಾಗೆಯೇ ಹುಲ್ಲಿನ ನಡುವೆ ಜನ ತುಳಿದು ತುಳಿದು ಬೋಳಾದ ಓರೆ ದಾರಿಯೊಂದು ಇದೆಯೇ ಎಂದು ಗಮನಿಸಿ. ಇದ್ದರೆ ಅದಕ್ಕೆ ಬೇಲಿ ಹಾಕಬೇಡಿ. ಅಲ್ಲೇ ಕಲ್ಲು ಹಾಸಿಸಿ, ಅದರ ಪಕ್ಕದಲ್ಲಿ, ಮಧ್ಯಾಹ್ನದ ನೆರಳು ಬೀಳುವ ಕಡೆ, ಬೆನ್ನಿಗೆ ಆಸರೆಯಿರುವ ಎರಡು ಬೆಂಚುಗಳನ್ನು ಹಾಕಿಸಿ. ಬೆಳಿಗ್ಗೆ ಎಂಟಕ್ಕೆ ಬೀಗ ಹಾಕಿ ಸಂಜೆ ತೆರೆಯುವ ಪದ್ಧತಿ ಇದ್ದರೆ, ಅದನ್ನೂ ತೆಗೆಸಿ.