ಪೇಪರ್ ಲೋಟದ ಕಾಫಿ

(ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ. ಇಬ್ಬರ ಒಪ್ಪಿಗೆ ಪಡೆದೇ ಬರೆದಿದ್ದೇನೆ.)

ಆಕೆಗೆ 29 ವರ್ಷ, ಬ್ಯಾಂಕಿನಲ್ಲಿ ಕೆಲಸ. ಪರಿಶಿಷ್ಟ ಜಾತಿಯವರು. ಗಂಡನದು ಬೇರೆ ಜಾತಿ. ವಿಶೇಷ ವಿವಾಹ ಕಾಯ್ದೆಯ 30 ದಿನದ ನೋಟಿಸ್ ಅವಧಿ ಕಾದು ರಿಜಿಸ್ಟರ್ ಮದುವೆ ಆಗಿದ್ದರು. ನನ್ನ ಹತ್ತಿರ ಕೌನ್ಸೆಲಿಂಗ್‌ಗೆ ಬಂದದ್ದು ನಿದ್ದೆ ಬರುವುದಿಲ್ಲ ಎಂದು. ಲೋಟದ ವಿಷಯ ಬಾಯಿಗೆ ಬಂದದ್ದು ಎರಡನೇ ಭೇಟಿಯಲ್ಲಿ.

ಹಬ್ಬಕ್ಕೆ ಗಂಡನ ಊರಿಗೆ ಹೋದರೆ ಎಲ್ಲರಿಗೂ ಸ್ಟೀಲ್ ಲೋಟದಲ್ಲಿ ಕಾಫಿ, ಇವರಿಗೆ ಮಾತ್ರ ಪೇಪರ್ ಲೋಟದಲ್ಲಿ. "ತೊಳೆಯೋದು ತಪ್ಪತ್ತೆ ಅಂತ" ಎನ್ನುತ್ತಾರೆ ಅತ್ತೆ. ಹಾಲ್‌ನಲ್ಲಿ ಕೂತ ದೊಡ್ಡಪ್ಪ ಪತ್ರಿಕೆಯಿಂದ ಕಣ್ಣೆತ್ತದೆ, "ಕೋಟಾ ಇದ್ರೆ ಯಾರು ಬೇಕಾದ್ರೂ ಬ್ಯಾಂಕಲ್ಲಿ ಕೂರಬಹುದು ಬಿಡಪ್ಪ" ಎನ್ನುತ್ತಾರೆ. ಒಮ್ಮೆ ಆಕೆ ಪರೀಕ್ಷೆ, ಕಟ್‌ಆಫ್, ಸಂದರ್ಶನ ಎಲ್ಲ ಬಿಡಿಸಿ ಹೇಳಿದರು. ಅರ್ಧ ಗಂಟೆ! ಕೊನೆಗೆ ದೊಡ್ಡಪ್ಪ ನಕ್ಕು, "ನೋಡಿ, ಎಷ್ಟು ಬೇಗ ಕೋಪ ಬರತ್ತೆ ಇವರಿಗೆ" ಎಂದರಂತೆ.

ಆಗ ಗಂಡ ಏನು ಮಾಡುತ್ತಿದ್ದರು? ಮೊಬೈಲ್ ನೋಡುತ್ತಿದ್ದರು.

ಮುಂದಿನ ಸಲ ಅವರನ್ನೂ ಕರೆಸಿದೆ. "ನಾನು ಮಾತಾಡಿದ್ರೆ ಜಗಳ ಆಗತ್ತೆ ಮೇಡಂ" ಎಂದರು. ಜಗಳ ಆಗಲೇ ನಡೀತಿದೆ, ಪೆಟ್ಟು ತಿನ್ನುತ್ತಿರುವವರು ಒಬ್ಬರೇ ಅಷ್ಟೆ ಎಂದೆ. ನನ್ನ ದನಿ ಸ್ವಲ್ಪ ಗಡುಸಾಗಿತ್ತು, ಒಪ್ಪಿಕೊಳ್ಳುತ್ತೇನೆ.

ದೊಡ್ಡಪ್ಪನಿಗೆ ಉತ್ತರ ಕೊಡುವ ಕೆಲಸವನ್ನು ಗಂಡನಿಗೆ ವಹಿಸಿದೆ. ಆಕೆ ತನ್ನ ಯೋಗ್ಯತೆಗೆ ಪುರಾವೆ ಕೊಡಲು ಕೂತ ಕೂಡಲೇ ದೊಡ್ಡಪ್ಪ ಜಡ್ಜ್ ಆಗಿಬಿಡುತ್ತಾರೆ, ಅಲ್ವಾ? ಗಂಡ "ಹಾಗಂದ್ರೆ ಏನು ದೊಡ್ಡಪ್ಪ?" ಎಂದಷ್ಟೇ ಕೇಳಿ ಸುಮ್ಮನಿರಬೇಕು. ಚುಚ್ಚುಮಾತನ್ನು ಬಿಡಿಸಿ ಹೇಳುವುದು ಆಡಿದವರಿಗೇ ಕಷ್ಟ. ಮತ್ತೂ ಮುಂದುವರಿಸಿದರೆ, "ಈ ಮಾತು ಬಂದ್ರೆ ನಾವು ಹೊರಡ್ತೀವಿ" ಎನ್ನಬೇಕು. ಎಂದ ಮೇಲೆ ನಿಜಕ್ಕೂ ಹೊರಡಬೇಕು. ನಾನೇ ದೊಡ್ಡಪ್ಪನಾಗಿ ಕೂತು ಅಭ್ಯಾಸ ಮಾಡಿಸಿದೆ. ಮೊದಲ ಮೂರು ಸಲ ಅವರು ನನ್ನ ಹತ್ತಿರವೇ ಕ್ಷಮೆ ಕೇಳಿದರು!

ಅತ್ತೆಯ ಜೊತೆ ಬೇರೆ ದಾರಿ. ಅಮೆರಿಕದ ಮಯಾಮಿಯಲ್ಲಿ ನಡೆದ ಒಂದು ಅಧ್ಯಯನ 2016ರಲ್ಲಿ ಪ್ರಕಟವಾಯಿತು. ಟ್ರಾನ್ಸ್‌ಜೆಂಡರ್ ಸಮುದಾಯದ ಬಗ್ಗೆ ಮನೆಮನೆಗೆ ಹೋಗಿ ಸುಮಾರು 10 ನಿಮಿಷ ಮಾತಾಡಿದ್ದರು. ವಾದಕ್ಕೆ ಇಳಿಯದೆ, ನಿಮ್ಮನ್ನೂ ಯಾರಾದರೂ ಬೇರೆ ಥರ ಕಂಡಿದ್ದರಾ ಎಂದು ಕೇಳಿ, ಹೇಳಿದ್ದನ್ನು ಕೇಳಿಸಿಕೊಂಡರು. ಪೂರ್ವಗ್ರಹ ತಗ್ಗಿತು, 3 ತಿಂಗಳ ನಂತರವೂ ಆ ಪರಿಣಾಮ ಉಳಿದಿತ್ತು. ಸುತ್ತ ಜನ ಇದ್ದರೇ ಹುಮ್ಮಸ್ಸು ಬರುವ ದೊಡ್ಡಪ್ಪನ ಮೇಲೆ ಇದನ್ನು ಪ್ರಯೋಗಿಸಲು ನನಗೆ ಧೈರ್ಯವಿಲ್ಲ. ಅತ್ತೆ ಒಬ್ಬರೇ ಇದ್ದಾಗ ಮಗ ಕೇಳಲಿ ಎಂದೆ: "ನೀನು ಈ ಮನೆಗೆ ಬಂದ ಹೊಸದರಲ್ಲಿ ನಿನ್ನನ್ನ ಹೇಗೆ ನೋಡ್ಕೊಂಡ್ರು ಅಮ್ಮ?"

ಕಾನೂನಿನ ಮಾತನ್ನೂ ಮುಚ್ಚಿಡಲಿಲ್ಲ. ನಾಲ್ಕು ಜನರೆದುರು ಜಾತಿ ಹಿಡಿದು ಅವಮಾನಿಸಿದರೆ ಪರಿಶಿಷ್ಟ ಜಾತಿ, ಪಂಗಡಗಳ ಮೇಲಿನ ದೌರ್ಜನ್ಯ ತಡೆಯುವ 1989ರ ಕಾಯ್ದೆ ಇದೆ, 14566 ಸಹಾಯವಾಣಿ ಇದೆ. ದೂರು ಕೊಡುವುದು ಬಿಡುವುದು ಆಕೆಯ ತೀರ್ಮಾನ. ಮನೆ ಮರ್ಯಾದೆ ಅಂತ ತಡೆಯಬೇಡಿ ಎಂದು ಗಂಡನಿಗೆ ಹೇಳಿದೆ.

ಯುಗಾದಿಗೆ ಹೋಗಿ ಬಂದರು. ಗಂಡ ತೊದಲುತ್ತಲೇ ಪ್ರಶ್ನೆ ಕೇಳಿದ್ದರು. ದೊಡ್ಡಪ್ಪ ಎದ್ದು ಹೋದವರು ಆಮೇಲೆ ಮಾತೇ ಆಡಲಿಲ್ಲವಂತೆ. ಅತ್ತೆ ಮಾತ್ರ ಮಾರನೇ ದಿನ ಸೊಸೆಗೆ ಸ್ಟೀಲ್ ಲೋಟದಲ್ಲಿ ಕಾಫಿ ಕೊಟ್ಟರು. ಹಾಲ್‌ನಲ್ಲಲ್ಲ, ಅಡುಗೆಮನೆಯಲ್ಲಿ, ಯಾರೂ ಇಲ್ಲದಾಗ.

"ಇದನ್ನ ಹೇಗೆ ತಗೊಳ್ಳಲಿ ಮೇಡಂ?" ಎಂದು ಆಕೆ ಕೇಳಿದರು. ಮುಂದಿನ ವಾರ ಅದನ್ನೇ ಮಾತಾಡೋಣ ಎಂದೆ.